ಬ್ರೇಕ್ ಒತ್ತಿದ್ರೆ ಕಾರು ನಡುಗೋದ್ಯಾಕೆ? ನೂರಿಪ್ಪತ್ತು ವರ್ಷದ ಅದುರಾಟದ ಕಥೆ

ಹೈವೇನಲ್ಲಿ ಗಂಟೆಗೆ ಅರವತ್ತೈದು ಮೈಲಿ ವೇಗದಲ್ಲಿ ಹೋಗ್ತಾ ಇರೋವಾಗ ಕಾರು ಬೆಣ್ಣೆ ಹಾಗೆ ಓಡ್ತಾ ಇರುತ್ತೆ. ಎಕ್ಸಿಟ್ ಬಂತು ಅಂತ ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಸ್ಟಿಯರಿಂಗ್ ವೀಲು ಕೈಯಲ್ಲಿ ಗಡಗಡ ಅಂತ ಅದುರೋಕೆ ಶುರು! ಅಮೆರಿಕಕ್ಕೆ ಬಂದ ಹೊಸತರಲ್ಲಿ ಹಳೇ ಕಾರು ಕೊಂಡ ನಮ್ಮವರಲ್ಲಿ ಈ ನಡುಕ ಕಾಣದೇ ಇರೋರು ಕಡಿಮೆ. ಗ್ಯಾರೇಜಿಗೆ ಹೋದ್ರೆ ಎಷ್ಟೋ ಕಡೆ ಚಕ್ರ ಬಿಚ್ಚೋದಕ್ಕೂ ಮೊದಲೇ ಉತ್ತರ ಸಿದ್ಧವಾಗಿರುತ್ತೆ: 'ರೋಟರ್ ವಾರ್ಪ್ ಆಗಿದೆ, ಬದಲಾಯಿಸ್ಬೇಕು.' ವಾರ್ಪ್ ಆಗಿದೆ ಅಂದ್ರೆ ಬಿಸಿಗೆ ಸೊಟ್ಟಗಾಗಿದೆ ಅಂತ ಅರ್ಥ. ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆಗೆ ಡಿಸ್ಕ್ ಅನ್ನಿ, ರೋಟರ್ ಅನ್ನಿ, ಎರಡೂ ಒಂದೇ. ಕೇಳೋದಕ್ಕೆ ಸರಿಯಾಗೇ ಇದೆ, ಬಿಸಿಯಾದ ಲೋಹ ಸೊಟ್ಟಗಾಗೋದ್ರಲ್ಲಿ ಆಶ್ಚರ್ಯ ಏನಿದೆ? ಸರಿ, ದುಡ್ಡು ಕೊಟ್ಟು ಹೊಸ ರೋಟರ್ ಹಾಕಿಸ್ತೀವಿ, ನಡುಕ ಮಾಯ. ಆದ್ರೆ ಐದಾರು ತಿಂಗಳಿಗೆ ಅದೇ ನಡುಕ ವಾಪಸ್ ಬರುತ್ತಲ್ಲ, ಅದಕ್ಕೇನಂತೀರಿ?

ಈ ಪ್ರಶ್ನೆಗೆ ಉತ್ತರ ಸಿಗಬೇಕಾದ್ರೆ ಬ್ರೇಕಿನ ಚರಿತ್ರೆಯನ್ನ ಸ್ವಲ್ಪ ಕೆದಕಬೇಕು. ಬ್ರೇಕಿನ ಚರಿತ್ರೆ ಅಂದ್ರೆ ಒಂದು ರೀತಿಯಲ್ಲಿ ಅದುರಾಟದ, ಕಿರುಚಾಟದ ಚರಿತ್ರೆಯೇ. ಒಂದು ಕಾಲದವರು ಒಂದು ತೊಂದರೆ ಸರಿ ಮಾಡ್ತಾರೆ, ಅದು ಇನ್ನೊಂದು ಜಾಗದಲ್ಲಿ ಬೇರೆ ವೇಷದಲ್ಲಿ ಎದ್ದು ಬರುತ್ತೆ.

ಚರ್ಮ, ತಾಮ್ರ, ಕಲ್ನಾರು

1888ರ ಆಗಸ್ಟ್ ತಿಂಗಳು. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ಥಾ ಬೆಂಜ್, ಯಜಮಾನರಿಗೆ ಹೇಳದೇ, ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ಮೂರು ಚಕ್ರದ ಕಾರಿನಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ರು. ಸುಮಾರು ನೂರು ಕಿಲೋಮೀಟರ್ ದಾರಿ. ಆಗಿನ ಬ್ರೇಕ್ ಅಂದ್ರೆ ಚಕ್ರಕ್ಕೆ ಒತ್ತಿ ಹಿಡಿಯೋ ಮರದ ತುಂಡು, ಎತ್ತು ಕುದುರೆ ಗಾಡಿಗಳ ಕಾಲದ್ದೇ. ಇಳಿಜಾರುಗಳಲ್ಲಿ ಅದು ಸವೆದು ಕೆಲಸ ಮಾಡ್ದೇ ಇದ್ದಾಗ ದಾರಿಯಲ್ಲಿ ಬೂಟು ಹೊಲಿಯುವವನೊಬ್ಬನ ಹತ್ತಿರ ಮರದ ತುಂಡಿಗೆ ಚರ್ಮದ ಪಟ್ಟಿ ಹೊಡೆಸಿಕೊಂಡು ಮುಂದೆ ಹೋದ್ರಂತೆ. ಮೋಟಾರು ಕಾರಿನ ಮೊದಲ ಬ್ರೇಕ್ ಲೈನಿಂಗ್ ಅಂತ ಅದನ್ನೇ ಹೇಳ್ತಾರೆ. ನಿಲ್ಲಿಸೋ ಕೆಲಸದಲ್ಲಿ ಗಟ್ಟಿ ವಸ್ತುವಿಗಿಂತ, ಉಜ್ಜಿಕೊಂಡು ತಾನೇ ಸವೆಯೋ ವಸ್ತು ಮುಖ್ಯ ಅನ್ನೋ ಪಾಠ ಅಲ್ಲೇ ಶುರುವಾಯ್ತು.

ಮುಂದೆ 1902. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನೋ ಮಹಾ ಬುದ್ಧಿವಂತ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡ. ಚಕ್ರದ ಜೊತೆ ತಿರುಗೋ ಲೋಹದ ತಟ್ಟೆ, ಅದರ ಅಂಚನ್ನ ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯೋ ದವಡೆ. ಇವತ್ತು ನಮ್ಮ ಕಾರಿನಲ್ಲಿರೋದೂ ಮೂಲದಲ್ಲಿ ಇದೇ! ಆದ್ರೆ ಅವನು ದವಡೆಗೆ ಹಾಕಿದ್ದು ತಾಮ್ರ. ತಾಮ್ರ ಲೋಹಕ್ಕೆ ಉಜ್ಜಿದಾಗ ಬರೋ ಕಿರುಚಾಟ ಹೇಗಿರುತ್ತೆ ಅಂತ ಊಹಿಸ್ಕೊಳ್ಳಿ. ಧೂಳಿನ ರಸ್ತೆಗಳಲ್ಲಿ ತಾಮ್ರ ಬೇಗ ಸವೆದೂ ಹೋಗ್ತಿತ್ತು. ಉಪಾಯ ಸರಿ ಇತ್ತು, ಉಜ್ಜೋ ವಸ್ತು ಇರಲಿಲ್ಲ.

ಆ ವಸ್ತು ಹುಡುಕಿದ್ದು ಹರ್ಬರ್ಟ್ ಫ್ರೂಡ್. ಡರ್ಬಿಶೈರಿನ ಗುಡ್ಡದ ದಾರಿಗಳಲ್ಲಿ ಗಾಡಿಯವರು ಹಳೇ ಬೂಟಿನ ತುಂಡನ್ನ ಬ್ರೇಕಿಗೆ ಸಿಗಿಸಿಕೊಂಡು ಇಳಿಯೋದನ್ನ ನೋಡಿ 1897ರಲ್ಲಿ ಬ್ರೇಕ್ ಲೈನಿಂಗಿನ ಕೆಲಸ ಶುರು ಮಾಡಿದ. 'ಫೆರೋಡೋ' ಅನ್ನೋ ಹೆಸರು ಅವನ ಅಡ್ಡಹೆಸರಿನ ಅಕ್ಷರಗಳನ್ನ ಹಿಂದೆ ಮುಂದೆ ಮಾಡಿ, ಹೆಂಡತಿ ಎಲಿಜಬೆತ್ ಹೆಸರಿನ ಒಂದು ಅಕ್ಷರ ಸೇರಿಸಿ ಕಟ್ಟಿದ್ದು. ಮೊದಲು ಹತ್ತಿ ಬಟ್ಟೆ ಉಪಯೋಗಿಸಿದ, ಬಿಸಿಗೆ ಅದು ಸುಡ್ತಿತ್ತು. 1908ರ ಹೊತ್ತಿಗೆ ಅವನು ಹಿಡಿದದ್ದು ಕಲ್ನಾರು, ಅಂದ್ರೆ ಆಸ್‌ಬೆಸ್ಟಾಸ್. ಸುಡೋದಿಲ್ಲ, ಅಗ್ಗ, ಸದ್ದೂ ಕಡಿಮೆ. ಮುಂದಿನ ಎಂಬತ್ತು ವರ್ಷ ಪ್ರಪಂಚದ ಕಾರುಗಳನ್ನ ನಿಲ್ಲಿಸಿದ್ದು ಇದೇ ಕಲ್ನಾರು. ಅದಕ್ಕೆ ತೆತ್ತ ಬೆಲೆ ಏನು ಅನ್ನೋದಕ್ಕೆ ಆಮೇಲೆ ಬರ್ತೀನಿ.

ಡ್ರಮ್ಮಿನ ರಾಜ್ಯಭಾರ

ಲ್ಯಾಂಚೆಸ್ಟರ್ ಡಿಸ್ಕ್ ಮೂಲೆಗೆ ಹೋಯ್ತು, ಅದೇ 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ತಂದ ಡ್ರಮ್ ಬ್ರೇಕ್ ಗೆದ್ದಿತು. ಚಕ್ರದ ಒಳಗೊಂದು ಡಬ್ಬಿ, ಡಬ್ಬಿಯ ಒಳಗೋಡೆಗೆ ಅರ್ಧಚಂದ್ರಾಕಾರದ ಎರಡು ಶೂಗಳು ಒತ್ತಿಕೊಳ್ಳೋದು. ಅಮೆರಿಕದಲ್ಲಿ ಮಾಲ್ಕಂ ಲಾಕ್‌ಹೀಡ್ (ವಿಮಾನದ ಲಾಕ್‌ಹೀಡ್ ಕಂಪನಿಯ ಆಲನ್ ಅವರ ಅಣ್ಣ) ಹೈಡ್ರಾಲಿಕ್ ಬ್ರೇಕ್ ಕಂಡುಹಿಡಿದ. 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಅದು ಬಂತು.

ಡ್ರಮ್ಮಿನ ಶತ್ರು ಬಿಸಿ. ಒಂದು ಸಣ್ಣ ಲೆಕ್ಕ ನೋಡಿ. ಒಂದೂವರೆ ಟನ್ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರಲ್ಲಿರೋ ಚಲನಶಕ್ತಿ ಸುಮಾರು 580 ಕಿಲೋಜೂಲ್. ಹತ್ತಿರಹತ್ತಿರ ಎರಡು ಲೀಟರ್ ತಣ್ಣೀರು ಕುದಿ ಬರೋವಷ್ಟು ಶಕ್ತಿ ಅದು. ಒಲೆ ಮೇಲೆ ನಿಮಿಷಗಟ್ಟಲೆ ಹಿಡಿಯೋ ಕೆಲಸವನ್ನ ಬ್ರೇಕು ನಾಲ್ಕೈದು ಸೆಕೆಂಡಿನಲ್ಲಿ ಮುಗಿಸ್ಬೇಕು! ಡ್ರಮ್ಮಿನಲ್ಲಿ ಈ ಬಿಸಿ ಒಳಗೇ ಸಿಕ್ಕಿಕೊಳ್ಳುತ್ತೆ. ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತೆ, ಪೆಡಲ್ ಕೆಳಗೆ ಇಳಿಯುತ್ತೆ, ಇಳಿಜಾರಿನಲ್ಲಿ ಎದೆ ಢವಢವ.

ಡ್ರಮ್ ಕಾದಾಗ ನಿಜವಾಗಿಯೂ ಆಕಾರ ಕೆಡುತ್ತೆ ಅನ್ನೋದು ಇಲ್ಲಿ ಗಮನಿಸಬೇಕಾದ ವಿಷಯ. ಕಾದ ಡ್ರಮ್ಮಿಗೆ ಪಾರ್ಕಿಂಗ್ ಬ್ರೇಕ್ ಎಳೆದು ನಿಲ್ಲಿಸಿದ್ರೆ, ತಣ್ಣಗಾಗೋವಷ್ಟರಲ್ಲಿ ಮೊಟ್ಟೆಯಾಕಾರ ಬರಬಹುದು. ಆಮೇಲೆ ಬ್ರೇಕ್ ಒತ್ತಿದ್ರೆ ಪೆಡಲ್ ಕುಣಿಯುತ್ತೆ. ಅದಕ್ಕೇ ಗ್ಯಾರೇಜುಗಳಲ್ಲಿ ಡ್ರಮ್ಮನ್ನ ಲೇತಿಗೆ ಹಾಕಿ ಒಳಗೋಡೆ ಕೆರೆದು ಗುಂಡಗೆ ಮಾಡೋ ಪದ್ಧತಿ ಇತ್ತು. ನಡುಕ ಬಂದ್ರೆ 'ಸೊಟ್ಟಗಾಗಿದೆ' ಅನ್ನೋ ತೀರ್ಮಾನ ಆ ಕಾಲಕ್ಕೆ ತಪ್ಪೇನಲ್ಲ. ಡ್ರಮ್ ಹೋಗಿ ಡಿಸ್ಕ್ ಬಂದ ಮೇಲೂ ಅದೇ ತೀರ್ಮಾನ ಉಳಿದುಕೊಂಡಿದೆ ಅಂತ ನನಗನ್ನಿಸುತ್ತೆ.

ಡಿಸ್ಕ್ ವಾಪಸ್ ಬಂತು

ಅಮೆರಿಕದಲ್ಲಿ ಡಿಸ್ಕಿನ ಮೊದಲ ಪ್ರಯತ್ನ ಮುಗ್ಗರಿಸಿತು. ಒಹಾಯೋದ ಪವೆಲ್ ಕ್ರಾಸ್ಲಿ, ರೇಡಿಯೋ ಮಾರಿ ಶ್ರೀಮಂತನಾದವನು, 1949ರಲ್ಲಿ ತನ್ನ ಪುಟ್ಟ 'ಹಾಟ್‌ಶಾಟ್' ಕಾರಿಗೆ ಡಿಸ್ಕ್ ಬ್ರೇಕ್ ಹಾಕಿಸಿದ. ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು ಅದರ ಅಲ್ಯೂಮಿನಿಯಂ ಕ್ಯಾಲಿಪರುಗಳನ್ನ ತಿಂದು ಹಿಡಿದುಕೊಳ್ಳೋ ಹಾಗೆ ಮಾಡಿತು. ಹೆಚ್ಚು ದಿನ ಹೋಗದೇ ಡ್ರಮ್ಮಿಗೇ ವಾಪಸ್. ಹಿಮ ಬೀಳೋ ಊರುಗಳಲ್ಲಿ ಇರೋರಿಗೆ ಈ ಉಪ್ಪಿನ ಮಹಿಮೆ ಹೊಸದಾಗಿ ಹೇಳ್ಬೇಕಾಗಿಲ್ಲ!

ಡಿಸ್ಕಿಗೆ ನಿಜವಾದ ಮರ್ಯಾದೆ ತಂದುಕೊಟ್ಟಿದ್ದು 1953ರ ಲ ಮಾನ್ 24 ಗಂಟೆಗಳ ರೇಸ್. ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಸಿ-ಟೈಪ್ ಕಾರಿನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ರು. ಅಲ್ಲಿ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು. ಬೇರೆಯವರು ತಿರುವಿಗೆ ಬಹಳ ಮೊದಲೇ ಬ್ರೇಕ್ ಒತ್ತಬೇಕಾಗಿದ್ದಾಗ ಇವರು ಇನ್ನಷ್ಟು ಮುಂದೆ ಹೋಗಿ ಒತ್ತಬಹುದಿತ್ತು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ಅಮೆರಿಕದಲ್ಲಿ 1963ರ ಸ್ಟೂಡಬೇಕರ್ ಅವಾಂಟಿ, 1965ರ ಕಾರ್ವೆಟ್, ಹೀಗೆ ಹರಡಿ 1970ರ ದಶಕ ಮುಗಿಯೋ ಹೊತ್ತಿಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಅನ್ನೋದು ಮಾಮೂಲಿ ಆಯ್ತು.

ಡಿಸ್ಕ್ ಬಯಲಲ್ಲಿ ತಿರುಗುತ್ತೆ, ಗಾಳಿಗೆ ಬೇಗ ಆರುತ್ತೆ, ಬಿಸಿಗೆ ಹಿಗ್ಗಿದ್ರೂ ಪ್ಯಾಡಿನ ಕಡೆಗೇ ಹಿಗ್ಗುತ್ತೆ. ಎಲ್ಲಾ ಒಳ್ಳೇದೇ. ಆದ್ರೆ ಡ್ರಮ್ಮಿನಲ್ಲಿ ಬ್ರೇಕ್ ಬಿಟ್ಟಾಗ ಸ್ಪ್ರಿಂಗ್ ಶೂಗಳನ್ನ ಹಿಂದಕ್ಕೆ ಎಳೆದುಕೊಳ್ಳುತ್ತೆ, ಡಿಸ್ಕಿನಲ್ಲಿ ಪ್ಯಾಡ್ ಅಲ್ಲೇ ಕೂದಲೆಳೆ ದೂರದಲ್ಲಿ ಕಾಯ್ತಾ ಇರುತ್ತೆ. ಈ ಸಣ್ಣ ವಿಷಯವೇ ಮುಂದೆ ದೊಡ್ಡದಾಯ್ತು.

ತೂಕ ಇಳಿಸಿದ್ದಕ್ಕೆ ತೆತ್ತ ಬೆಲೆ

1973ರ ತೈಲ ಬಿಕ್ಕಟ್ಟು ಬಂತು. ಕಾರು ಗ್ಯಾಲನ್ನಿಗೆ ಎಷ್ಟು ಮೈಲಿ ಓಡಬೇಕು ಅಂತ ಅಮೆರಿಕದಲ್ಲಿ 1975ರಲ್ಲಿ ಕಾನೂನಾಯ್ತು, 1978ರ ಮಾಡೆಲ್ಲುಗಳಿಂದ ಜಾರಿಗೆ ಬಂತು. ಕಾರುಗಳು ತೂಕ ಇಳಿಸಿಕೊಂಡವು, ಎಂಜಿನ್ನು ಮುಂದಿನ ಚಕ್ರ ತಿರುಗಿಸೋಕೆ ಶುರು ಮಾಡಿತು. ಹಳೇ ಹಿಂಚಕ್ರದ ಕಾರುಗಳಲ್ಲಿ ಮುಂದಿನ ರೋಟರ್ ಮತ್ತು ಹಬ್ ಸಾಮಾನ್ಯವಾಗಿ ಒಂದೇ ಎರಕ, ದಪ್ಪ ಬೀಡುಕಬ್ಬಿಣ. ಹೊಸ ಕಾರುಗಳಲ್ಲಿ ರೋಟರ್ ಒಂದು ಟೋಪಿಯ ಹಾಗೆ ಹಬ್ಬಿನ ಮೇಲೆ ಕೂರುತ್ತೆ, ಅದರ ಮೇಲೆ ಚಕ್ರ. ಮೂರನ್ನೂ ಸೇರಿಸಿ ಹಿಡಿದಿರೋದು ಚಕ್ರದ ನಟ್ಟುಗಳು ಮಾತ್ರ.

ಈಗ ಕುಂಬಾರನ ತಿಗರಿ ನೆನಪಿಸ್ಕೊಳ್ಳಿ. ತಿಗರಿಯ ಕೆಳಗೆ ಒಂದು ಕಡೆ ಸಣ್ಣ ಕಲ್ಲು ಸಿಕ್ಕಿಕೊಂಡ್ರೆ ಅದರ ಅಂಚು ಮೇಲೆ ಕೆಳಗೆ ಓಲಾಡುತ್ತೆ. ರೋಟರಿಗೂ ಹಾಗೇ. ಹಬ್ಬಿನ ಅಂಚಿನಲ್ಲಿ 0.05 ಮಿಲಿಮೀಟರ್ ತುಕ್ಕಿನ ಪುಡಿ ಇದ್ರೆ, ಹಬ್ಬಿಗಿಂತ ಎರಡು ಪಟ್ಟು ಅಗಲದ ರೋಟರಿನ ಹೊರ ಅಂಚಿನಲ್ಲಿ ಓಲಾಟ 0.1 ಮಿಲಿಮೀಟರ್ ಆಗುತ್ತೆ. ಟೈರ್ ಹಾಕುವವನು ಏರ್ ಗನ್ ಹಿಡಿದು ಒಂದು ನಟ್ಟು ಅತಿಯಾಗಿ, ಇನ್ನೊಂದು ಸಡಿಲವಾಗಿ ಬಿಗಿದ್ರೂ ರೋಟರ್ ಸ್ವಲ್ಪ ವಾಲುತ್ತೆ. ಇದಕ್ಕೆ ರನ್ಔಟ್ ಅಂತಾರೆ. ಅನೇಕ ಕಾರುಗಳಲ್ಲಿ ಅನುಮತಿ ಇರೋದೇ 0.05 ಮಿಲಿಮೀಟರಿನ ಆಸುಪಾಸು.

ತಮಾಷೆ ಏನಪ್ಪಾ ಅಂದ್ರೆ, ಈ ಓಲಾಟ ಇದ್ದ ಮೊದಲ ದಿನ ನಿಮಗೆ ಏನೂ ಗೊತ್ತಾಗೋದಿಲ್ಲ. ಕ್ಯಾಲಿಪರ್ ಕೂಡ ಜೊತೆಗೇ ಅತ್ತಿತ್ತ ಸರಿದು ಸುಧಾರಿಸಿಕೊಂಡುಬಿಡುತ್ತೆ. ಆದ್ರೆ ಬ್ರೇಕ್ ಒತ್ತದೇ ಹೈವೇನಲ್ಲಿ ಹೋಗುವಾಗ, ಪ್ರತಿ ಸುತ್ತಿಗೂ ರೋಟರಿನ ಅದೇ ಉಬ್ಬು ಜಾಗ ಪಕ್ಕದಲ್ಲೇ ಕಾಯ್ತಿರೋ ಪ್ಯಾಡಿಗೆ ಸವರಿಕೊಂಡು ಹೋಗುತ್ತೆ. ಸಾವಿರಾರು ಮೈಲಿ ಇದೇ ನಡೆದು ಆ ಜಾಗ ಮಾತ್ರ ತೆಳ್ಳಗಾಗುತ್ತೆ. ಈಗ ಬ್ರೇಕ್ ಒತ್ತಿದ್ರೆ ದಪ್ಪ-ತೆಳು-ದಪ್ಪ-ತೆಳು ಅಂತ ಪ್ಯಾಡ್ ಹಿಂದೆ ಮುಂದೆ ತಳ್ಳಿಸಿಕೊಳ್ಳುತ್ತೆ, ಹಿಡಿತ ಒಂದು ಕ್ಷಣ ಹೆಚ್ಚು ಒಂದು ಕ್ಷಣ ಕಡಿಮೆ. ದಪ್ಪದಲ್ಲಿ 0.02 ಮಿಲಿಮೀಟರ್ ವ್ಯತ್ಯಾಸ, ನಮ್ಮ ಕೂದಲಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಸಾಕು ಕೈ ನಡುಗಿಸೋಕೆ!

ಹೊಸ ರೋಟರ್ ಹಾಕಿ ಐದಾರು ತಿಂಗಳಿಗೆ ನಡುಕ ವಾಪಸ್ ಬರೋ ಗುಟ್ಟು ಇದೇ. ರೋಟರ್ ಬದಲಾಯ್ತು, ಹಬ್ಬಿನ ಮೇಲಿನ ತುಕ್ಕು ಅಲ್ಲೇ ಇತ್ತು. ಹೊಸದನ್ನ ಸವೆಸೋಕೆ ಅದಕ್ಕೆ ಅಷ್ಟು ತಿಂಗಳು ಬೇಕಾಯ್ತು, ಅಷ್ಟೇ.

ಕಾವಲಿಯ ಪಾಠ

ಸವೆತದ ಕಥೆ ಇದಾದ್ರೆ ಅಂಟುವಿಕೆಯ ಕಥೆ ಇನ್ನೊಂದಿದೆ. ಅದನ್ನ ಜನರಿಗೆ ತಿಳಿಯೋ ಹಾಗೆ ಹೇಳಿದವನು ಕ್ಯಾರೊಲ್ ಸ್ಮಿತ್ (1932-2003). 1960ರ ದಶಕದಲ್ಲಿ ಫೋರ್ಡ್ ಜಿಟಿ40 ತಂಡದಲ್ಲಿ ದುಡಿದವನು, ರೇಸಿಂಗ್ ಎಂಜಿನಿಯರಿಂಗ್ ಬಗ್ಗೆ ಪುಸ್ತಕಗಳನ್ನ ಬರೆದವನು. ತಾನು ಪರೀಕ್ಷಿಸಿದ 'ವಾರ್ಪ್' ಆದ ಡಿಸ್ಕುಗಳೆಲ್ಲದರಲ್ಲೂ ಕಂಡದ್ದು ಸೊಟ್ಟವಲ್ಲ, ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಒಂದೊಂದು ಕಡೆ ಒಂದೊಂದು ಥರ ಅಂಟಿಕೊಂಡಿದ್ದು ಅಂತ ಅವನ ವಾದ.

ದೋಸೆ ಕಾವಲಿ ಪಳಗಿಸೋದು ಗೊತ್ತಿರೋರಿಗೆ ಇದು ತಟ್ಟನೆ ಅರ್ಥ ಆಗುತ್ತೆ. ಹೊಸ ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಮೈತುಂಬ ಒಂದೇ ಸಮನಾದ ಪದರ ಕೂರಿಸ್ತೀವಲ್ಲ? ಬ್ರೇಕ್ ಡಿಸ್ಕಿಗೂ ಹಾಗೇ ಪ್ಯಾಡಿನ ತೆಳು ಪದರ ಸಮನಾಗಿ ಕೂರಬೇಕು. ಅದಕ್ಕೇ ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ, ತಯಾರಕರು ಹೇಳಿದ ಪ್ರಕಾರ, ಮಧ್ಯಮ ವೇಗದಿಂದ ಕೆಲವು ಸಲ ನಿಧಾನ ಮಾಡಿ, ನಡುವೆ ಆರಲು ಬಿಟ್ಟು ಪಳಗಿಸಬೇಕು. ಪಳಗಿಸದ ಬ್ರೇಕನ್ನ ಕೆಂಪಗೆ ಕಾಯಿಸಿ, ಸಿಗ್ನಲ್ಲಿನಲ್ಲಿ ಪೆಡಲ್ ಗಟ್ಟಿಯಾಗಿ ಒತ್ತಿಕೊಂಡು ನಿಂತ್ರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಮೂಡಿಬಿಡುತ್ತೆ. ಆ ಅಚ್ಚಿನ ಜಾಗದಲ್ಲಿ ಹಿಡಿತ ಬೇರೆ, ಹಾಗಾಗಿ ಬಿಸಿ ಹೆಚ್ಚು. ಬಿಸಿ ಬಹಳ ಏರಿದ್ರೆ ಅಡಿಯಲ್ಲಿರೋ ಬೀಡುಕಬ್ಬಿಣವೇ ಸಿಮೆಂಟೈಟ್ ಅನ್ನೋ ಗಡುಸು ರೂಪಕ್ಕೆ ತಿರುಗುತ್ತೆ ಅಂತಾನೆ ಸ್ಮಿತ್. ಆಮೇಲೆ ಲೇತಿಗೆ ಹಾಕಿದ್ರೂ ಆ ಗಂಟು ಬೇಗ ಮತ್ತೆ ತಲೆ ಎತ್ತುತ್ತೆ.

ಹಾಗಂತ ಬಿಸಿಯ ಪಾತ್ರವೇ ಇಲ್ಲ ಅಂತಲ್ಲ. 1969ರಲ್ಲಿ ಜೆ. ಆರ್. ಬಾರ್ಬರ್ ಅನ್ನೋ ವಿಜ್ಞಾನಿ ಇದರ ಗಣಿತ ಬಿಡಿಸಿದ್ರು. ಉಜ್ಜೋ ಮೇಲ್ಮೈಯಲ್ಲಿ ಒಂದು ಜಾಗ ಚೂರು ಉಬ್ಬಿದ್ರೆ ಅಲ್ಲಿ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದ್ರೆ ಬಿಸಿ ಹೆಚ್ಚು, ಬಿಸಿಯಾದ್ರೆ ಇನ್ನಷ್ಟು ಉಬ್ಬು. ಒಂದು ವೇಗ ದಾಟಿದ ಮೇಲೆ ಇದು ತನ್ನಷ್ಟಕ್ಕೆ ತಾನೇ ಬೆಳೆಯುತ್ತೆ. ಡಿಸ್ಕಿನ ಮೇಲೆ ಕಾಣೋ ನೀಲಿ ಮಚ್ಚೆಗಳು ಹೀಗೆ ಅತಿಯಾಗಿ ಕಾದ ಜಾಗದ ಗುರುತು. ಅಂದ್ರೆ ಡಿಸ್ಕ್ ಹಪ್ಪಳದ ಹಾಗೆ ಮುದುಡೋದಿಲ್ಲ, ಅಲ್ಲಲ್ಲಿ ಅದರ ಮೈ ಬದಲಾಗುತ್ತೆ.

ಕಲ್ನಾರಿನ ಬೆಲೆ

ಅರ್ಧಕ್ಕೆ ಬಿಟ್ಟ ಕಲ್ನಾರಿನ ಮಾತು. ಡ್ರಮ್ ಬಿಚ್ಚಿದ ಕೂಡಲೇ ಒಳಗಿನ ಧೂಳನ್ನ ಏರ್ ಹೋಸ್ ಹಿಡಿದು ಊದೋದು ಹಿಂದೆ ಗ್ಯಾರೇಜುಗಳಲ್ಲಿ ದಿನನಿತ್ಯದ ಕೆಲಸ. ಆ ಧೂಳಿನಲ್ಲಿ ಕಲ್ನಾರಿನ ಎಳೆಗಳಿರ್ತಿದ್ವು. ಅದನ್ನ ಉಸಿರಾಡಿದ್ರೆ ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮಾ ಬರಬಹುದು ಅಂತ ಖಚಿತವಾಗೋ ಹೊತ್ತಿಗೆ ಎಷ್ಟೋ ದಶಕ ಕಳೆದಿತ್ತು. ಅಮೆರಿಕದ ಪರಿಸರ ಇಲಾಖೆ 1989ರಲ್ಲಿ ನಿಷೇಧ ತಂತು, 1991ರಲ್ಲಿ ನ್ಯಾಯಾಲಯ ಅದರ ಬಹುಭಾಗವನ್ನ ತಳ್ಳಿಹಾಕಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ಬಂದ ನಿಯಮದಲ್ಲಿ ಬಿಡಿಭಾಗವಾಗಿ ಮಾರೋ ಬ್ರೇಕ್ ಪ್ಯಾಡುಗಳಲ್ಲಿ ಬಿಳಿ ಕಲ್ನಾರು ಬಳಸೋದನ್ನ ನಿಷೇಧಿಸಿದರು. ಅಷ್ಟರಲ್ಲಿ ಕಾರು ತಯಾರಕರು ಬೇರೆ ವಸ್ತುಗಳಿಗೆ ಹೋಗಿಯಾಗಿತ್ತು.

ಬದಲಿಗೆ ಬಂದದ್ದು ಉಕ್ಕಿನ ಎಳೆ ಇರೋ ಸೆಮಿ-ಮೆಟಾಲಿಕ್, ಸೆರಾಮಿಕ್ ಇತ್ಯಾದಿ. ಕೆಲವು ಡಿಸ್ಕನ್ನ ಕೆರೆಯೋ ಜಾತಿ, ಕೆಲವು ಪದರ ಅಂಟಿಸೋ ಜಾತಿ. ಒಂದರ ಪದರದ ಮೇಲೆ ಇನ್ನೊಂದನ್ನ ಹಾಕಿದ್ರೆ ಹೊಂದಾಣಿಕೆ ಆಗದೇ ಅದುರಾಟ. ಬಿಸಿಯನ್ನ ಹಂಚೋಕೆ ಅಂತ ಇವಕ್ಕೆ ತಾಮ್ರ ಬೆರೆಸಿದ್ರು. ಅದು ಮಳೆನೀರಲ್ಲಿ ಹೊಳೆ ಸೇರಿ ಸಾಲ್ಮನ್ ಮೀನುಗಳಿಗೆ ಕುತ್ತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳು 2010ರಲ್ಲೇ ಕಾನೂನು ಮಾಡಿದವು, ಅದರಂತೆ 2025ರಿಂದ ತಾಮ್ರ ಶೇಕಡಾ 0.5ಕ್ಕಿಂತ ಕಡಿಮೆ ಇರಬೇಕು. ಲ್ಯಾಂಚೆಸ್ಟರನ ತಾಮ್ರ ನೂರಿಪ್ಪತ್ತು ವರ್ಷದ ಮೇಲೆ ಎರಡನೇ ಸಲ ಬ್ರೇಕಿನಿಂದ ಹೊರಬಿತ್ತು!

ಹಾಗಾದ್ರೆ ನಡುಕದ ಮೂಲ ಹುಡುಕೋದು ಹೇಗೆ?

ಇಷ್ಟೆಲ್ಲಾ ಚರಿತ್ರೆಯಿಂದ ನಮಗೆ ಉಪಯೋಗಕ್ಕೆ ಬರೋ ನಾಲ್ಕು ಮಾತು:

ಒಂದು, ಬ್ರೇಕ್ ಒತ್ತದೇ ಇದ್ದಾಗಲೂ ನಡುಗಿದ್ರೆ ಮೊದಲು ಟೈರು, ಚಕ್ರದ ಬ್ಯಾಲೆನ್ಸ್ ನೋಡಿಸಿ. ಒತ್ತಿದಾಗ ಮಾತ್ರ ಆದ್ರೆ ಬ್ರೇಕಿನ ಕಡೆ ನೋಡಿ. ಸಾಮಾನ್ಯವಾಗಿ ಸ್ಟಿಯರಿಂಗ್ ಅದುರಿದ್ರೆ ಮುಂದಿನ ಚಕ್ರ, ಸೀಟು ಅದುರಿದ್ರೆ ಹಿಂದಿನ ಚಕ್ರ.

ಎರಡು, ಹಿಮದ ಮೇಲೆ, ಅಥವಾ ಗಾಬರಿಯಿಂದ ಜೋರಾಗಿ ತುಳಿದಾಗ ಪೆಡಲ್ ಟಕಟಕ ಅಂತ ಒದ್ದರೆ ಅದು ರೋಗ ಅಲ್ಲ, ಎಬಿಎಸ್. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ತಂದ ಈ ವ್ಯವಸ್ಥೆ ಈಗ ಎಲ್ಲರ ಕಾರಿನಲ್ಲೂ ಇದೆ. ಹೆದರಿ ಕಾಲು ತೆಗೀಬೇಡಿ.

ಮೂರು, ಸುಮಾರು ಎರಡು ಮೀಟರ್ ಸುತ್ತಳತೆಯ ಚಕ್ರ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 14 ಸಲ ತಿರುಗುತ್ತೆ. ವೇಗ ಇಳಿದ ಹಾಗೆ ಅದುರಾಟದ ತಾಳವೂ ನಿಧಾನ ಆದ್ರೆ ಮೂಲ ಚಕ್ರದ ಜೊತೆ ತಿರುಗೋ ಯಾವುದೋ ವಸ್ತುವಿನಲ್ಲಿದೆ ಅಂತ ಲೆಕ್ಕ. ನಡುಕದ ಜೊತೆ ಕಾರು ಒಂದು ಕಡೆ ಎಳೆದ್ರೆ, ಪೆಡಲ್ ಆಳಕ್ಕೆ ಇಳಿದ್ರೆ, ಕರಕರ ಲೋಹದ ಸದ್ದು ಬಂದ್ರೆ ಮುಂದೂಡಬೇಡಿ, ಅವತ್ತೇ ತೋರಿಸಿ.

ನಾಲ್ಕು, ಅಳೆಯೋಕೆ ಹೇಳಿ. ರೋಟರಿನ ಓಲಾಟ ನೋಡೋಕೆ ಡಯಲ್ ಗೇಜ್, ದಪ್ಪ ನೋಡೋಕೆ ಮೈಕ್ರೋಮೀಟರ್, ಸುತ್ತಲೂ ಏಳೆಂಟು ಕಡೆ. ಹತ್ತು ನಿಮಿಷದ ಕೆಲಸ. ರೋಟರ್ ಬದಲಾಯಿಸಲೇಬೇಕು ಅಂತ ಬಂದ್ರೆ ಹಬ್ಬಿನ ತುಕ್ಕು ಉಜ್ಜಿ ತೆಗೀಬೇಕು, ನಟ್ಟುಗಳನ್ನ ಟಾರ್ಕ್ ರೆಂಚ್‌ನಿಂದ ನಕ್ಷತ್ರದ ಕ್ರಮದಲ್ಲಿ ಸಮನಾಗಿ ಬಿಗೀಬೇಕು, ಪ್ಯಾಡ್ ಪಳಗಿಸ್ಬೇಕು. ಈ ಮೂರು ಮಾಡದೇ ಹಾಕಿದ ರೋಟರ್ ಮುಂದಿನ ಬಿಲ್ಲಿಗೆ ಮುಂಗಡ ಇದ್ದ ಹಾಗೆ.

ಕಥೆ ಇನ್ನೂ ಮುಗಿದಿಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟಾರೇ ಬಹುಪಾಲು ನಿಲ್ಲಿಸೋ ಕೆಲಸ ಮಾಡುತ್ತೆ, ಡಿಸ್ಕ್ ಕೆಲಸ ಇಲ್ಲದೇ ಕೂತು ತುಕ್ಕು ಹಿಡಿಯುತ್ತೆ. 2020ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಐಡಿ.3 ಕಾರಿನ ಹಿಂದಿನ ಚಕ್ರಗಳಿಗೆ ಹಾಕಿದ್ದೇನು ಗೊತ್ತಾ? ರೆನೋ ಕಾಲದ ಡ್ರಮ್! ಒಳಗಿರೋದ್ರಿಂದ ತುಕ್ಕು ಕಡಿಮೆ, ಧೂಳೂ ಹೊರಗೆ ಬರೋದು ಕಡಿಮೆ. ಬಿಸಿಯ ಕಾಲ ಹೋಗಿ ತುಕ್ಕಿನ ಕಾಲ ಬಂದ ಮೇಲೆ, ಬಿಸಿಯ ಕಾರಣಕ್ಕೆ ಸೋತವನು ತುಕ್ಕಿನ ಕಾರಣಕ್ಕೆ ಗೆದ್ದ. 'ಬಿಸಿಗೆ ಸೊಟ್ಟಗಾಗಿದೆ' ಅನ್ನೋ ಮಾತು ಮಾತ್ರ ಈ ಕಾರುಗಳ ಕಾಲಕ್ಕೂ ಉಳಿದುಕೊಳ್ಳುತ್ತೋ ಏನೋ.

ಮುಂದಿನ ಸಲ ಯಾರಾದ್ರೂ ನಿಮಗೆ ರೋಟರ್ ವಾರ್ಪ್ ಆಗಿದೆ ಅಂದ್ರೆ ಜಗಳ ಆಡೋಕೆ ಹೋಗ್ಬೇಡಿ. ನಗ್ತಾ ಒಂದೇ ಒಂದು ಪ್ರಶ್ನೆ ಕೇಳಿ: 'ಹೌದಾ, ಅಳತೆ ಎಷ್ಟು ಬಂತು?'